ಕುತ್ತಿಗೆಯ ಶಸ್ತ್ರಚಿಕಿತ್ಸೆಯಾಗಿ ಏಳು ವಾರ. ಮುದ್ದೆ ಇನ್ನೂ ಇಳಿಯುತ್ತಿಲ್ಲ

ಪ್ರಶ್ನೆ: ನನ್ನ ಯಜಮಾನರಿಗೆ 57 ವರ್ಷ. ಬಲಗೈ ಜೋಮು ಹಿಡಿದು, ಲೋಟ ಹಿಡಿಯಲೂ ಬಲವಿಲ್ಲದಂತಾದಾಗ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಕುತ್ತಿಗೆಯ ಶಸ್ತ್ರಚಿಕಿತ್ಸೆ ಮಾಡಿಸಿದೆವು. ಏಳು ವಾರಗಳಾದವು. ಕುತ್ತಿಗೆಯ ಮುಂಭಾಗದಿಂದ ಹೋಗಿ ಕುತ್ತಿಗೆಯ ಐದು, ಆರು, ಏಳನೆಯ ಮೂಳೆಗಳ (ಸಿ5–ಸಿ6, ಸಿ6–ಸಿ7) ನಡುವಿನ ಮೆತ್ತೆಯಂಥ ಡಿಸ್ಕುಗಳನ್ನು ತೆಗೆದು ಪ್ಲೇಟ್ ಕೂರಿಸಿದ್ದಾರೆ. ಕೈ ಬಹಳ ಸುಧಾರಿಸಿದೆ. ಆದರೆ ಊಟ ಕಷ್ಟವಾಗಿದೆ. ಮುದ್ದೆ ಗಂಟಲಲ್ಲಿ ಕಟ್ಟಿಕೊಳ್ಳುತ್ತದೆ, ಚಪಾತಿ ಇಳಿಯುವುದಿಲ್ಲ. ನೀರು ಕುಡಿದರೆ ಒಮ್ಮೊಮ್ಮೆ ನೆತ್ತಿಗೆ ಹತ್ತಿ ಕೆಮ್ಮು ಬರುತ್ತದೆ. ದನಿಯೂ ಸ್ವಲ್ಪ ಒಡೆದಿದೆ. ನಾಲ್ಕು ಕೆಜಿ ಇಳಿದಿದ್ದಾರೆ. ಪ್ಲೇಟು ಅನ್ನನಾಳಕ್ಕೆ ಚುಚ್ಚಿರಬೇಕು, ತೆಗೆಸಿಬಿಡಿ ಎಂದು ನೆಂಟರು ಹೇಳುತ್ತಾರೆ. ಮುದ್ದೆ ನುಂಗುತ್ತಾ ಹೋದರೆ ದಾರಿ ತಾನೇ ಬಿಡುತ್ತದೆ ಎನ್ನುತ್ತಾರೆ ಅತ್ತೆ. ಮಗ ಮೊಬೈಲಿನಲ್ಲಿ ನೋಡಿ, ಮಲಗಿಸಿ ತಲೆ ಎತ್ತುವ ವ್ಯಾಯಾಮ ಮಾಡಿಸುತ್ತಿದ್ದಾನೆ. ಡಾಕ್ಟರು ‘ಸರಿಹೋಗುತ್ತದೆ’ ಎಂದಷ್ಟೇ ಹೇಳಿದರು. ಮುಂಭಾಗದಿಂದ ಮಾಡಿಸಿದ್ದೇ ತಪ್ಪಾಯಿತೇ? ಅವರು ಮತ್ತೆ ಮೊದಲಿನಂತೆ ಉಣ್ಣುತ್ತಾರೆಯೇ?
– ಓದುಗರು, ಬೆಂಗಳೂರು

ಉತ್ತರ: ಉಳಿದದ್ದನ್ನೆಲ್ಲ ನಿಧಾನವಾಗಿ ಮಾತನಾಡೋಣ. ಮೊದಲು, ಆ ತಲೆ ಎತ್ತುವ ವ್ಯಾಯಾಮವನ್ನು ಇವತ್ತೇ ನಿಲ್ಲಿಸಿ. ಅಂಗಾತ ಮಲಗಿ, ಭುಜ ನೆಲಕ್ಕೆ ತಾಗಿರುವಂತೆಯೇ ತಲೆಯನ್ನಷ್ಟೇ ಎತ್ತಿ ಕಾಲ್ಬೆರಳು ನೋಡುವ ಈ ವ್ಯಾಯಾಮಕ್ಕೆ ಶೇಕರ್ ವ್ಯಾಯಾಮ ಎಂದು ಹೆಸರು. ಲಕ್ವ ಹೊಡೆದವರಲ್ಲಿ ಕೆಲವರಿಗೆ ನಾನೇ ಇದನ್ನು ಹೇಳಿಕೊಡುತ್ತೇನೆ, ಒಳ್ಳೆಯ ಫಲವೂ ಇದೆ. ಆದರೆ ನಿಮ್ಮ ಯಜಮಾನರ ಕುತ್ತಿಗೆಯಲ್ಲಿ ಮೂರು ಮೂಳೆಗಳು ಒಂದಾಗಿ ಬೆಸೆದುಕೊಳ್ಳಬೇಕಾಗಿದೆ, ಅದಕ್ಕೆ ತಿಂಗಳುಗಳು ಬೇಕು. ಏಳನೆಯ ವಾರದಲ್ಲಿ ತಲೆಯ ಭಾರವನ್ನೆಲ್ಲ ಕುತ್ತಿಗೆಯ ಮೇಲೆ ಹಾಕಿದರೆ ಸ್ಕ್ರೂಗಳ ಮೇಲೆ ಒತ್ತಡ ಬೀಳುತ್ತದೆ. ನಿಮ್ಮ ಮಗ ಅಪ್ಪನ ಮೇಲಿನ ಪ್ರೀತಿಯಿಂದ ಮಾಡಿಸಿದ್ದಾನೆ, ಅವನನ್ನು ಗದರಬೇಡಿ. ಮೂಳೆ ಕೂಡಿದೆ ಎಂದು ಶಸ್ತ್ರಚಿಕಿತ್ಸಕರು ಹೇಳುವ ತನಕ ಇದು ಬೇಡ ಎಂದು ತಿಳಿಸಿದರೆ ಸಾಕು. ಕುತ್ತಿಗೆ ತಿಕ್ಕಿಸುವುದು, ‘ನರ ಎಳೆಸುವುದು’ ಕೂಡ ಬೇಡವೇ ಬೇಡ.

ನಾನು ಶಸ್ತ್ರಚಿಕಿತ್ಸಕಿಯಲ್ಲ. ಮಾತು ಮತ್ತು ನುಂಗುವಿಕೆಯ ತೊಂದರೆಗಳಿಗೆ ಚಿಕಿತ್ಸೆ ಕೊಡುವವಳು. ಬೆನ್ನುಮೂಳೆಯ ಶಸ್ತ್ರಚಿಕಿತ್ಸಕರ ಮತ್ತು ಇಎನ್‌ಟಿ ವೈದ್ಯರ ಜೊತೆಗೇ ಇಷ್ಟು ವರ್ಷ ಕೆಲಸ ಮಾಡಿದ್ದೇನೆ. ನಿಮ್ಮ ಪತ್ರದಲ್ಲಿರುವಂಥ ಮನೆಗಳನ್ನು ಮತ್ತೆ ಮತ್ತೆ ಕಂಡಿದ್ದೇನೆ: ಕೈ ಸರಿಯಾಯಿತು ಎಂಬ ಸಂತೋಷವನ್ನು ಊಟದ ತಟ್ಟೆ ದಿನಕ್ಕೆ ಮೂರು ಸಲ ಕಸಿದುಕೊಳ್ಳುತ್ತಿರುತ್ತದೆ.

ಪ್ಲೇಟಿನ ವಿಚಾರಕ್ಕೆ ಬರೋಣ. ಪ್ಲೇಟು ಚುಚ್ಚಿರಬೇಕು ಎಂಬ ಮಾತು ನೆಂಟರ ಬಾಯಲ್ಲಿ ಸುಲಭವಾಗಿ ಬರುತ್ತದೆ, ಏಕೆಂದರೆ ಲೋಹ ಕಣ್ಣಿಗೆ ಕಟ್ಟುತ್ತದೆ, ಊತ ಕಟ್ಟುವುದಿಲ್ಲ. ಪ್ಲೇಟು ಎಂದರೆ ಎರಡು–ಮೂರು ಮಿಲಿಮೀಟರ್ ದಪ್ಪದ ಟೈಟಾನಿಯಂ ಪಟ್ಟಿ, ಮೂಳೆಯ ಮುಖಕ್ಕೆ ಅಂಟಿಕೊಂಡು ಕೂತಿರುತ್ತದೆ. ಅದರ ಸ್ಕ್ರೂ ಸಡಿಲವಾಗಿ ಹೊರಗೆ ಬಂದು ಅನ್ನನಾಳಕ್ಕೆ ತಾಗುವುದು ಉಂಟು, ಆದರೆ ಅಪರೂಪ. ಹಾಗೆ ಆಗಿದೆಯೇ ಇಲ್ಲವೇ ಎಂಬುದಕ್ಕೆ ಪಕ್ಕದಿಂದ ತೆಗೆದ ಒಂದು ಎಕ್ಸ್‌ರೇ ಬಹುಮಟ್ಟಿಗೆ ಉತ್ತರ ಹೇಳುತ್ತದೆ. ಅದನ್ನು ಊಹಿಸುತ್ತಾ ಕೂರಬೇಕಾದ ಅಗತ್ಯವಿಲ್ಲ.

ಹಾಗಾದರೆ ಗಂಟಲಲ್ಲಿ ಆಗಿರುವುದೇನು? ನಮ್ಮ ಗಂಟಲಿನ ಹಿಂಗೋಡೆಯೂ ಅನ್ನನಾಳವೂ ಕುತ್ತಿಗೆಯ ಮೂಳೆಗೆ ಒರಗಿಕೊಂಡೇ ಇವೆ, ನಡುವೆ ತೆಳು ಪದರಗಳಷ್ಟೇ. ಗಂಟಲು ಮುಗಿದು ಅನ್ನನಾಳ ಶುರುವಾಗುವ ಬಾಗಿಲು ಸುಮಾರಾಗಿ ಸಿ6ರ ಎದುರಿಗೆ ಬರುತ್ತದೆ. ನಿಮ್ಮ ಯಜಮಾನರಿಗೆ ಕೆಲಸ ನಡೆದಿರುವುದು ಸರಿಯಾಗಿ ಅದರ ಹಿಂದೆ. ಡಿಸ್ಕನ್ನು ತಲುಪಲು ಶಸ್ತ್ರಚಿಕಿತ್ಸಕರು ಅನ್ನನಾಳ, ಶ್ವಾಸನಾಳಗಳನ್ನು ಒಂದು ಪಕ್ಕಕ್ಕೂ ದೊಡ್ಡ ರಕ್ತನಾಳವನ್ನು ಇನ್ನೊಂದು ಪಕ್ಕಕ್ಕೂ ಸರಿಸಿ, ಕೆಲಸ ಮುಗಿಯುವ ತನಕ ಉಪಕರಣದಿಂದ ಹಾಗೆಯೇ ಹಿಡಿದಿರಬೇಕು. ಅಷ್ಟು ಹೊತ್ತು ಒತ್ತಿಸಿಕೊಂಡ ಮೃದು ಅಂಗ ಊದಿಕೊಳ್ಳುತ್ತದೆ. ಮೂಳೆಯ ಮುಂದಿನ ಈ ಊತ ಎರಡು–ಮೂರನೆಯ ದಿನ ಹೆಚ್ಚಿ, ಆಮೇಲೆ ವಾರಗಟ್ಟಲೆ ಇಳಿಯುತ್ತಾ ಹೋಗುತ್ತದೆ. ಊತ ಇಳಿದ ಮೇಲೂ ಹೊಸ ಗಾಯದ ಅಂಗಾಂಶ ಬಿಗಿಯಾಗಿರುತ್ತದೆ. ನುಂಗುವಾಗ ಧ್ವನಿಪೆಟ್ಟಿಗೆ ಮೇಲಕ್ಕೂ ಮುಂದಕ್ಕೂ ಜಿಗಿಯಬೇಕು, ಆಗಲೇ ಅನ್ನನಾಳದ ಬಾಗಿಲು ತೆರೆಯುವುದು. ಆ ಜಿಗಿತ ಗಿಡ್ಡವಾದರೆ ತುತ್ತು ಬಾಗಿಲಲ್ಲೇ ನಿಲ್ಲುತ್ತದೆ. ಒಂದಕ್ಕಿಂತ ಹೆಚ್ಚು ಮಟ್ಟದಲ್ಲಿ ಮಾಡಿದಾಗ, ಅದೇ ಜಾಗದಲ್ಲಿ ಎರಡನೆಯ ಸಲ ಮಾಡಿದಾಗ, ವಯಸ್ಸಾದವರಲ್ಲಿ, ಹೆಂಗಸರಲ್ಲಿ ಈ ತೊಂದರೆ ಹೆಚ್ಚು ಕಾಣುತ್ತದೆ.

ಎಷ್ಟು ಜನರಿಗೆ, ಎಷ್ಟು ದಿನ? ಈ ವಿಷಯದಲ್ಲಿ ಇಂದಿಗೂ ಉಲ್ಲೇಖವಾಗುವ, 2002ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ಒಂದು ತಿಂಗಳಿಗೆ ಸುಮಾರು ಅರ್ಧದಷ್ಟು ಮಂದಿಗೆ, ಎರಡು ತಿಂಗಳಿಗೆ ಮೂವರಲ್ಲಿ ಒಬ್ಬರಿಗೆ, ಆರು ತಿಂಗಳಿಗೆ ನೂರರಲ್ಲಿ 18 ಮಂದಿಗೆ, ಒಂದು ವರ್ಷಕ್ಕೆ 12–13 ಮಂದಿಗೆ ನುಂಗಲು ಏನಾದರೊಂದು ತೊಡಕು ಉಳಿದಿತ್ತು. ಉಳಿದ ತೊಡಕಿನಲ್ಲೂ ಬಹುಪಾಲು ಸೌಮ್ಯವಾದದ್ದೇ. ಆದ್ದರಿಂದ ‘ಸರಿಹೋಗುತ್ತದೆ’ ಎಂದ ನಿಮ್ಮ ವೈದ್ಯರ ಮಾತು ಸುಳ್ಳಲ್ಲ. ಏಳನೆಯ ವಾರದಲ್ಲಿ ಮುದ್ದೆ ಇಳಿಯದಿರುವುದು ಅಷ್ಟೇ ಆಗಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ.

ಆದರೆ ನೀವು ಇನ್ನೂ ಮೂರು ಸಂಗತಿ ಬರೆದಿದ್ದೀರಿ. ನೀರು ನೆತ್ತಿಗೆ ಹತ್ತುತ್ತದೆ, ದನಿ ಒಡೆದಿದೆ, ನಾಲ್ಕು ಕೆಜಿ ಇಳಿದಿದೆ. ಈ ಮೂರೂ ಸೇರಿದಾಗ ಬರಿದೇ ಕಾಯುವುದು ನನಗೆ ಒಪ್ಪಿಗೆಯಿಲ್ಲ.

ಗಟ್ಟಿ ಆಹಾರ ಸಿಕ್ಕಿಕೊಳ್ಳುವುದು ಒಂದು ಬಗೆ, ನೀರಿಗೆ ಕೆಮ್ಮು ಬರುವುದು ಇನ್ನೊಂದು ಬಗೆ. ಮೊದಲನೆಯದು ಸಾಮಾನ್ಯವಾಗಿ ದಾರಿ ಇಕ್ಕಟ್ಟಾಗಿರುವುದರ ಲಕ್ಷಣ. ಎರಡನೆಯದು ಶ್ವಾಸನಾಳದ ಬಾಗಿಲು ಸರಿಯಾದ ಕ್ಷಣಕ್ಕೆ, ಸರಿಯಾಗಿ ಮುಚ್ಚುತ್ತಿಲ್ಲ ಎಂಬುದರ ಲಕ್ಷಣ. ಆ ಬಾಗಿಲೇ ಧ್ವನಿತಂತುಗಳು. ಅವುಗಳನ್ನು ಆಡಿಸುವ ನರ ಶ್ವಾಸನಾಳ ಮತ್ತು ಅನ್ನನಾಳಗಳ ಸಂದಿಯಲ್ಲಿ ಮೇಲಕ್ಕೆ ಹತ್ತಿ ಬರುತ್ತದೆ, ಶಸ್ತ್ರಚಿಕಿತ್ಸೆಯಲ್ಲಿ ಜಗ್ಗಿಸಿಕೊಳ್ಳುವುದೂ ಅದೇ. ಜಗ್ಗಿದ ನರ ಸೊರಗಿದರೆ ಒಂದು ಪಕ್ಕದ ತಂತು ಅಲುಗದೆ ನಿಲ್ಲುತ್ತದೆ. ದನಿಯಲ್ಲಿ ಗಾಳಿ ಸೋರುತ್ತದೆ, ನೀರು ಸಂದಿಯಲ್ಲಿ ನುಸುಳುತ್ತದೆ. ನೀರು ತೆಳು, ವೇಗ ಹೆಚ್ಚು, ಬಾಗಿಲು ಮುಚ್ಚುವ ಮುನ್ನವೇ ಅದು ಅಲ್ಲಿಗೆ ಬಂದಿರುತ್ತದೆ. ನೆತ್ತಿಗೆ ಹತ್ತಿದರೆ ಯಾರೋ ನೆನೆಸಿಕೊಳ್ಳುತ್ತಿದ್ದಾರೆ ಎಂದು ತಲೆ ತಟ್ಟುವುದು ನಮ್ಮ ಮನೆಗಳ ರೂಢಿ. ಇಂಥವರಿಗೆ ತಲೆ ತಟ್ಟಬೇಡಿ, ಇನ್ನಷ್ಟು ನೀರು ಕುಡಿಸಲೂಬೇಡಿ. ಸ್ವಲ್ಪ ಮುಂದಕ್ಕೆ ಬಾಗಿ ಕೂತು ಕೆಮ್ಮಲು ಬಿಡಿ. ಕೆಮ್ಮು ಅವರನ್ನು ಕಾಯುತ್ತಿದೆ.

ಕೆಮ್ಮು ಕಡಿಮೆಯಾಯಿತು ಎಂದಾಕ್ಷಣ ಗುಣವಾಯಿತು ಎಂದೂ ತಿಳಿಯಬೇಡಿ. ಕೆಲವರಲ್ಲಿ ಗಂಟಲಿನ ಸಂವೇದನೆಯೇ ಮಂಕಾಗಿ, ನೀರು ಶ್ವಾಸನಾಳಕ್ಕೆ ಇಳಿದರೂ ಕೆಮ್ಮು ಬರುವುದಿಲ್ಲ. ನನ್ನಲ್ಲಿಗೆ ಬಂದಿದ್ದ ಒಬ್ಬ ಹಿರಿಯರು ‘ನೀರಿನ ತೊಂದರೆಯೇ ಇಲ್ಲ’ ಎಂದು ಗಟ್ಟಿಯಾಗಿ ಹೇಳಿದರು. ಅವರ ಮುಂದೆಯೇ ಒಂದು ಗುಟುಕು ಕುಡಿಸಿ, ‘ಆ’ ಎನ್ನಿ ಎಂದೆ. ದನಿ ಗೊರಗೊರ ಎಂದಿತು, ಬಾಯಿ ಮುಕ್ಕಳಿಸುತ್ತಾ ಮಾತನಾಡಿದಂತೆ. ಕ್ಯಾಮೆರಾ ಹಾಕಿ ನೋಡಿದಾಗ ನೀರು ಧ್ವನಿತಂತುಗಳ ಕೆಳಗೆ ನಿಂತಿತ್ತು. ಅವರಿಗೆ ತಿಂಗಳಲ್ಲಿ ಎರಡು ಸಲ ಜ್ವರ ಬಂದು ಹೋಗಿತ್ತು, ಮನೆಯವರು ಅದನ್ನು ಬೆಂಗಳೂರಿನ ಥಂಡಿಯ ಲೆಕ್ಕಕ್ಕೆ ಬರೆದಿದ್ದರು. ನೀವೂ ಇದನ್ನು ಗಮನಿಸಿ: ಕುಡಿದ ಮೇಲೆ ದನಿ ಒದ್ದೆಯಾಗುತ್ತದೆಯೇ, ಕಾರಣವಿಲ್ಲದೆ ಸಣ್ಣ ಜ್ವರ ಬರುತ್ತಿದೆಯೇ, ಊಟಕ್ಕೆ ಅರ್ಧ ಗಂಟೆಗಿಂತ ಹೆಚ್ಚು ಹಿಡಿಯುತ್ತಿದೆಯೇ.

ಈ ವಾರದಲ್ಲೇ ಆಗಬೇಕಾದ ಕೆಲಸ ಪರೀಕ್ಷೆ. ಮೊದಲು ಶಸ್ತ್ರಚಿಕಿತ್ಸೆ ಮಾಡಿದವರ ಬಳಿಗೇ ಹೋಗಿ. ‘ನುಂಗಲು ಕಷ್ಟ’ ಎಂದಷ್ಟೇ ಹೇಳಬೇಡಿ, ಹೊರರೋಗಿ ವಿಭಾಗದ ಗದ್ದಲದಲ್ಲಿ ಆ ಮಾತು ತೇಲಿಹೋಗುತ್ತದೆ. ನೀರಿಗೆ ಕೆಮ್ಮು, ಒಡೆದ ದನಿ, ನಾಲ್ಕು ಕೆಜಿ ಎಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ ಓದಿ. ಅವರು ಎಕ್ಸ್‌ರೇ ತೆಗೆಸಿ ಪ್ಲೇಟು, ಸ್ಕ್ರೂ, ಊತ ನೋಡುತ್ತಾರೆ. ಅಲ್ಲಿಂದ ಇಎನ್‌ಟಿ ವೈದ್ಯರಿಗೆ ಚೀಟಿ ಕೇಳಿ. ಮೂಗಿನ ಮೂಲಕ ತೆಳುವಾದ ಕ್ಯಾಮೆರಾ ಇಳಿಸಿ ಧ್ವನಿತಂತುಗಳನ್ನು ಅವರು ಕೆಲವೇ ನಿಮಿಷಗಳಲ್ಲಿ ನೋಡಬಲ್ಲರು. ಅದೇ ಕ್ಯಾಮೆರಾ ಒಳಗಿರುವಾಗಲೇ ಬಣ್ಣ ಹಾಕಿದ ನೀರು, ಗಂಜಿ, ಬಿಸ್ಕತ್ತು ತಿನ್ನಿಸಿ ಯಾವುದು ಎಲ್ಲಿ ನಿಲ್ಲುತ್ತದೆ ಎಂದು ನಾವು ನೋಡುತ್ತೇವೆ. ಇನ್ನೊಂದು ಪರೀಕ್ಷೆಯಲ್ಲಿ ಬೇರಿಯಂ ಬೆರೆಸಿದ ಆಹಾರ ನುಂಗಿಸಿ ಎಕ್ಸ್‌ರೇಯಲ್ಲೇ ಚಲನಚಿತ್ರದಂತೆ ನೋಡುತ್ತಾರೆ. ಅನ್ನನಾಳದ ಬಾಗಿಲು ಎಷ್ಟು ತೆರೆಯುತ್ತದೆ, ಪ್ಲೇಟಿನ ಎದುರು ತುತ್ತು ತಡೆಯುತ್ತದೆಯೇ ಎಂಬುದು ಇದರಲ್ಲಿ ಚೆನ್ನಾಗಿ ಕಾಣುತ್ತದೆ. ಬೆಂಗಳೂರಿನ ದೊಡ್ಡ ಆಸ್ಪತ್ರೆಗಳಲ್ಲಿ ಈ ಸೌಲಭ್ಯ ಸಿಗುತ್ತದೆ. ಡಿಸ್ಚಾರ್ಜ್ ಸಾರಾಂಶವನ್ನೂ ಹಳೆಯ ಎಕ್ಸ್‌ರೇಗಳನ್ನೂ ತಪ್ಪದೆ ಒಯ್ಯಿರಿ.

ಅತ್ತೆಯವರ ಮಾತಿನ ಬಗ್ಗೆ ಗೌರವದಿಂದಲೇ ಹೇಳುತ್ತೇನೆ. ಮುದ್ದೆಯನ್ನು ಅಗಿಯುವುದಿಲ್ಲ, ಸಾರಿನಲ್ಲಿ ಅದ್ದಿ ನುಂಗುತ್ತೇವೆ. ಅಂದರೆ ಗಂಟಲಿಗೆ ಹೋಗುವ ತುತ್ತು ಇಡಿಯಾಗಿ, ಅಂಟಂಟಾಗಿ, ದೊಡ್ಡದಾಗಿ ಹೋಗುತ್ತದೆ. ಆರೋಗ್ಯವಂತ ಗಂಟಲು ಅದನ್ನು ಸಲೀಸಾಗಿ ಇಳಿಸುತ್ತದೆ. ಬಾಗಿಲು ಇಕ್ಕಟ್ಟಾಗಿರುವಾಗ ಅದೇ ತುತ್ತು ಅಡ್ಡ ಕೂತರೆ ಉಸಿರೇ ಸಿಕ್ಕಿಕೊಳ್ಳಬಹುದು. ಒಳಗಿನ ಊತವನ್ನು ತುತ್ತು ತಳ್ಳಿ ದಾರಿ ಬಿಡಿಸುವುದಿಲ್ಲ. ಸದ್ಯಕ್ಕೆ ಮುದ್ದೆ ಬೇಡ. ಆದರೆ ರಾಗಿ ಬೇಡವೆಂದಲ್ಲ. ಮೊಸರಿನಷ್ಟು ದಪ್ಪಕ್ಕೆ ಕುದಿಸಿದ, ಗಂಟಿಲ್ಲದ ರಾಗಿ ಗಂಜಿ ಇಂಥ ಗಂಟಲಿಗೆ ಹೇಳಿ ಮಾಡಿಸಿದ ಆಹಾರ. ನೀರಿನಂತೆ ಓಡುವುದಿಲ್ಲ, ಮುದ್ದೆಯಂತೆ ಕಟ್ಟುವುದಿಲ್ಲ.

ಮೆತ್ತಗೆ ಬೆಂದ ಹುಗ್ಗಿ, ಮಜ್ಜಿಗೆಯಲ್ಲಿ ಚೆನ್ನಾಗಿ ಕಿವುಚಿದ ಅನ್ನ, ಮಸೆದ ಬೇಳೆ, ಕಿವುಚಿದ ಬಾಳೆಹಣ್ಣು, ಬೇಯಿಸಿ ಮಸೆದ ಕುಂಬಳಕಾಯಿ, ತುಪ್ಪ, ಗಟ್ಟಿ ಮೊಸರು ಇವೆಲ್ಲ ಸಾಮಾನ್ಯವಾಗಿ ಹಿಡಿಸುತ್ತವೆ. ಇಡ್ಲಿಯನ್ನು ಸಾಂಬಾರಿನಲ್ಲಿ ಪೂರ್ತಿ ನೆನೆಸಿ ಹಿಸುಕಿ ಕೊಡಿ. ಉದುರುದುರಾದ ಉಪ್ಪಿಟ್ಟು, ಒಣ ಅವಲಕ್ಕಿ, ಚಪಾತಿ, ಬ್ರೆಡ್, ಕಡಲೆಪುರಿ ಬಿಡಿ. ಬಹಳ ಮಂದಿ ಗಮನಿಸದ ಒಂದು ತೊಡಕು ತಿಳಿಸಾರು ಹಾಕಿದ ಬಿಡಿಬಿಡಿ ಅನ್ನ. ಒಂದೇ ತುತ್ತಿನಲ್ಲಿ ನೀರೂ ಇದೆ, ಅಗುಳೂ ಇದೆ. ಅಗುಳನ್ನು ಅಗಿಯುತ್ತಿರುವಾಗಲೇ ನೀರು ಹಿಂದಕ್ಕೆ ಜಾರುತ್ತದೆ. ಅನ್ನ ನುಣ್ಣಗೆ ಕಲಸಿದರೆ ಈ ಅಪಾಯ ತಗ್ಗುತ್ತದೆ. ತೂಕ ಇಳಿದಿರುವುದರಿಂದ ಸ್ವಲ್ಪಸ್ವಲ್ಪವಾಗಿ ದಿನಕ್ಕೆ ಐದಾರು ಬಾರಿ ಕೊಡಿ, ವಾರಕ್ಕೊಮ್ಮೆ ತೂಕ ನೋಡಿ ಬರೆದಿಡಿ. ಸಕ್ಕರೆ ಕಾಯಿಲೆ ಇದ್ದರೆ ಗಂಜಿ, ಹಣ್ಣಿನ ಪ್ರಮಾಣವನ್ನು ವೈದ್ಯರಿಂದ ಕೇಳಿ ನಿಗದಿ ಮಾಡಿಕೊಳ್ಳಿ.

ಇನ್ನು ನೀರು. ತುಟಿಗೆ ತಾಗಿಸದೆ, ತಂಬಿಗೆ ಎತ್ತಿ, ತಲೆ ಹಿಂದಕ್ಕೆ ಮಾಡಿ ಸುರಿದುಕೊಳ್ಳುವುದು ನಮ್ಮಲ್ಲಿ ಚಿಕ್ಕಂದಿನ ಅಭ್ಯಾಸ. ಇದನ್ನು ನಿಲ್ಲಿಸಿ ಎಂದು ಹೇಳಿದಷ್ಟು ಸಲ ನಾನು ಬೇರೆ ಯಾವ ಮಾತನ್ನೂ ಹೇಳಿರಲಾರೆ. ತಲೆ ಹಿಂದಕ್ಕೆ ಹೋದಾಗ ಶ್ವಾಸನಾಳದ ಬಾಗಿಲು ಮುಚ್ಚುವುದು ಕಷ್ಟ, ನೀರೂ ಧಾರೆಯಾಗಿ ಬರುತ್ತದೆ. ಹೊಸದಾಗಿ ಸ್ಕ್ರೂ ಕೂರಿಸಿದ ಕುತ್ತಿಗೆಗೂ ಅದು ಒಳ್ಳೆಯದಲ್ಲ. ಅಗಲ ಬಾಯಿಯ ಲೋಟದಲ್ಲಿ, ತುಟಿ ಹಚ್ಚಿ, ಒಂದೊಂದೇ ಗುಟುಕು. ಮಾತ್ರೆಯನ್ನು ಗಂಟಲಿಗೆ ಎಸೆದುಕೊಂಡು ನೀರು ಸುರಿಯುವುದೂ ಬೇಡ, ಒಂದು ಚಮಚ ಗಟ್ಟಿ ಮೊಸರಿನಲ್ಲಿಟ್ಟು ನುಂಗಲಿ. ಪುಡಿ ಮಾಡುವ ಮೊದಲು ಔಷಧದಂಗಡಿಯವರನ್ನೋ ವೈದ್ಯರನ್ನೋ ಕೇಳಿ, ನಿಧಾನವಾಗಿ ಕರಗುವಂತೆ ತಯಾರಿಸಿದ ಮಾತ್ರೆಗಳನ್ನು ಪುಡಿ ಮಾಡಬಾರದು.

ಕುರ್ಚಿಯಲ್ಲಿ ನೆಟ್ಟಗೆ ಕೂತು ಉಣ್ಣಲಿ, ತಟ್ಟೆಯನ್ನು ಎತ್ತರದಲ್ಲಿಡಿ. ಒಂದು ತುತ್ತಿಗೆ ಎರಡು ಸಲ ನುಂಗಲಿ. ಊಟದ ನಡುವೆ ಮಾತು, ಟಿವಿ ಬೇಡ. ಉಂಡ ಮೇಲೆ ಅರ್ಧ ಗಂಟೆ ಮಲಗಬಾರದು. ಕಾಲರ್ ಇನ್ನೂ ಹಾಕುತ್ತಿದ್ದರೆ ಅದು ಗದ್ದವನ್ನು ಮೇಲಕ್ಕೆ ಎತ್ತಿ ನುಂಗುವುದನ್ನು ಕಷ್ಟ ಮಾಡುತ್ತಿರಬಹುದು. ಊಟದ ಹೊತ್ತಿಗೆ ಸಡಿಲಿಸಬಹುದೇ ಎಂದು ಶಸ್ತ್ರಚಿಕಿತ್ಸಕರನ್ನು ಕೇಳಿ, ನೀವೇ ತೆಗೆಯಬೇಡಿ. ಗದ್ದವನ್ನು ಎದೆಗೆ ಒತ್ತಿ ನುಂಗುವ, ತಲೆಯನ್ನು ಒಂದು ಪಕ್ಕಕ್ಕೆ ತಿರುಗಿಸಿ ನುಂಗುವ ಉಪಾಯಗಳಿಗೂ ಇದೇ ಮಾತು. ಇನ್ನೊಂದು: ಬೆಳಿಗ್ಗೆ, ರಾತ್ರಿ ಹಲ್ಲು ನಾಲಿಗೆ ಚೆನ್ನಾಗಿ ಉಜ್ಜಲಿ. ಶ್ವಾಸಕೋಶಕ್ಕೆ ಇಳಿಯುವ ಎಂಜಲಿನಲ್ಲಿ ಬ್ಯಾಕ್ಟೀರಿಯಾ ಕಡಿಮೆ ಇದ್ದಷ್ಟೂ ನ್ಯುಮೋನಿಯಾ ಸಾಧ್ಯತೆ ಕಡಿಮೆ. ಬೀಡಿ, ಸಿಗರೇಟು ಇದ್ದರೆ ಬಿಡಿಸಿ, ಅದು ಗಂಟಲಿಗೂ ಮೂಳೆ ಕೂಡುವುದಕ್ಕೂ ಶತ್ರು.

ಪರೀಕ್ಷೆಯ ಫಲ ಬಂದ ಮೇಲೆ ಮುಂದಿನ ದಾರಿ ಅದರಂತೆ. ಊತ, ಬಿಗಿತ ಮಾತ್ರ ಎಂದಾದರೆ ಕಾಯುವುದೇ ಚಿಕಿತ್ಸೆ, ಜೊತೆಗೆ ಕುತ್ತಿಗೆಯನ್ನು ಅಲುಗಿಸದೆ ಮಾಡುವ ನುಂಗುವ ವ್ಯಾಯಾಮಗಳು, ಉದಾಹರಣೆಗೆ ನಾಲಿಗೆಯನ್ನು ಅಂಗುಳಕ್ಕೆ ಬಲವಾಗಿ ಒತ್ತಿ ನುಂಗುವುದು. ಸ್ಟೀರಾಯ್ಡ್ ಕೊಟ್ಟರೆ ಊತ ಬೇಗ ಇಳಿಯುತ್ತದಲ್ಲವೇ ಎಂದು ಕೆಲವರು ಕೇಳುತ್ತಾರೆ. ಮೊದಲ ದಿನಗಳಲ್ಲಿ ಅದಕ್ಕೆ ಉಪಯೋಗವಿದೆ. ಏಳನೆಯ ವಾರದಲ್ಲಿ ಸಿಗುವುದು ಕಡಿಮೆ, ಸಕ್ಕರೆ ಏರಿಸುವ ತೊಂದರೆ ಮಾತ್ರ ಪೂರ್ತಿ ಸಿಗುತ್ತದೆ. ನೀರನ್ನು ಮಂದ ಮಾಡಿ ಕುಡಿಸುವ ಪುಡಿಗಳಿವೆ. ಅವುಗಳಿಂದ ಕೆಮ್ಮು ತಗ್ಗುತ್ತದೆ ನಿಜ, ಆದರೆ ರುಚಿ ಹಿಡಿಸದೆ ಜನ ನೀರು ಕುಡಿಯುವುದನ್ನೇ ಬಿಟ್ಟು ಮೈ ಒಣಗಿಸಿಕೊಳ್ಳುತ್ತಾರೆ. ಪರೀಕ್ಷೆ ನೋಡದೆ ನಾನು ಅದನ್ನು ತಿಂಗಳುಗಟ್ಟಲೆ ಹೇಳುವುದಿಲ್ಲ.

ಧ್ವನಿತಂತು ಅಲುಗುತ್ತಿಲ್ಲ ಎಂದು ಕಂಡರೂ ಧೈರ್ಯ ಕಳೆದುಕೊಳ್ಳಬೇಡಿ. ಜಗ್ಗಿದ ನರ ಬಹುತೇಕ ಮಂದಿಯಲ್ಲಿ ಕೆಲವು ತಿಂಗಳುಗಳಲ್ಲಿ ಚೇತರಿಸಿಕೊಳ್ಳುತ್ತದೆ. ಅಲ್ಲಿಯ ತನಕ ನೀರು ಇಳಿಯುತ್ತಲೇ ಇದ್ದರೆ, ಸೊರಗಿದ ತಂತುವಿನ ಪಕ್ಕಕ್ಕೆ ಚುಚ್ಚುಮದ್ದಿನಿಂದ ಜೆಲ್ ತುಂಬಿ ನಡುವಿಗೆ ತರುವ ಚಿಕ್ಕ ಚಿಕಿತ್ಸೆ ಇದೆ. ಜೆಲ್ ಕೆಲ ತಿಂಗಳಲ್ಲಿ ಕರಗುತ್ತದೆ, ಅಷ್ಟರಲ್ಲಿ ನರಕ್ಕೆ ಕಾಲಾವಕಾಶ ಸಿಕ್ಕಿರುತ್ತದೆ. ಶಾಶ್ವತ ಶಸ್ತ್ರಚಿಕಿತ್ಸೆಯ ಮಾತು ಸಾಮಾನ್ಯವಾಗಿ ಒಂಬತ್ತು–ಹನ್ನೆರಡು ತಿಂಗಳು ಕಾದ ಮೇಲೆಯೇ. ತೂಕ ಇನ್ನೂ ಇಳಿದರೆ ಸ್ವಲ್ಪ ದಿನ ಮೂಗಿನ ನಳಿಕೆಯಿಂದ ಆಹಾರ ಕೊಡಬೇಕಾಗಬಹುದು. ಅದನ್ನು ಸೋಲು ಎಂದು ಅಂದುಕೊಳ್ಳುವವರೇ ಹೆಚ್ಚು. ಹೊಟ್ಟೆಗೆ ಬಿದ್ದರೆ ತಾನೇ ನುಂಗುವ ಸ್ನಾಯುವಿಗೂ ಬಲ ಬರುವುದು.

ಪ್ಲೇಟು ತೆಗೆಸುವುದು ಕೊನೆಯ ಆಯ್ಕೆ. ಮೂಳೆ ಪೂರ್ತಿ ಕೂಡಿದೆ ಎಂದು ಸಿಟಿ ಸ್ಕ್ಯಾನಿನಲ್ಲಿ ಕಂಡ ಮೇಲೆ, ಪ್ಲೇಟಿನ ಎದುರೇ ತುತ್ತು ತಡೆಯುತ್ತಿದೆ ಎಂದು ಪರೀಕ್ಷೆ ತೋರಿಸಿದರೆ, ಆಗ ತೆಗೆದು ಅಂಟಿಕೆಗಳನ್ನು ಬಿಡಿಸಿದವರಲ್ಲಿ ಸುಧಾರಣೆ ಕಂಡದ್ದುಂಟು. ಆದರೆ ಎರಡನೆಯ ಸಲ ಹೋಗುವಾಗ ದಾರಿಯೆಲ್ಲ ಗಾಯದ ಅಂಗಾಂಶದಿಂದ ಅಂಟಿರುತ್ತದೆ. ಅನ್ನನಾಳಕ್ಕೆ ತೂತು ಬೀಳುವ, ಅದೇ ನರಕ್ಕೆ ಮತ್ತೆ ಪೆಟ್ಟಾಗುವ ಅಪಾಯ ಮೊದಲ ಸಲಕ್ಕಿಂತ ಹೆಚ್ಚು. ಸ್ಕ್ರೂ ಹೊರಬಂದಿದೆ ಎಂದು ಎಕ್ಸ್‌ರೇ ಹೇಳಿದರೆ ಮಾತ್ರ ಬೇರೆ ಮಾತು, ಆಗ ತಡ ಮಾಡಬಾರದು. ತಿಂಗಳುಗಟ್ಟಲೆ ಚೆನ್ನಾಗಿ ಉಣ್ಣುತ್ತಿದ್ದವರಿಗೆ ಹಠಾತ್ತನೆ ಮತ್ತೆ ಸಿಕ್ಕಿಕೊಳ್ಳಲು ಶುರುವಾದರೂ ಅಷ್ಟೇ. ದಿನದಿಂದ ದಿನಕ್ಕೆ ಹೆಚ್ಚುತ್ತಾ, ಗಂಜಿಗೂ ತಡೆ ಬಂದರೆ ಅನ್ನನಾಳದ ಎಂಡೋಸ್ಕೋಪಿ ಬೇಕು. ಎಲ್ಲ ತಪ್ಪನ್ನೂ ಶಸ್ತ್ರಚಿಕಿತ್ಸೆಯ ಮೇಲೆ ಹಾಕಿ, ಅನ್ನನಾಳದ ಬೇರೆ ಕಾಯಿಲೆಯನ್ನು ತಡವಾಗಿ ಪತ್ತೆ ಮಾಡಿದ ಪ್ರಸಂಗಗಳು ನನ್ನ ಮನಸ್ಸಿನಿಂದ ಹೋಗಿಲ್ಲ.

ಜ್ವರದ ಜೊತೆ ಕುತ್ತಿಗೆ ಊದುವುದು, ಗಾಯದಿಂದ ಕೀವು ಅಥವಾ ಆಹಾರದಂಥದ್ದು ಸೋರುವುದು, ಚರ್ಮ ಒತ್ತಿದರೆ ಚರಚರ ಎನ್ನುವುದು, ತನ್ನ ಎಂಜಲನ್ನೂ ನುಂಗಲಾಗದಿರುವುದು, ಉಸಿರಾಟ ಕಷ್ಟವಾಗುವುದು, ಕೈಕಾಲು ಮತ್ತೆ ಸೋಲುವುದು, ಇವುಗಳಲ್ಲಿ ಒಂದು ಕಂಡರೂ ಅಪಾಯಿಂಟ್‌ಮೆಂಟಿಗೆ ಕಾಯದೆ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಿ. ಸಂಜೆಯ ಟ್ರಾಫಿಕ್ಕಿನಲ್ಲಿ ಸ್ವಂತ ವಾಹನ ನೆಚ್ಚಬೇಡಿ, 108ಕ್ಕೆ ಕರೆ ಮಾಡಿ.

ಮುಂಭಾಗದಿಂದ ಮಾಡಿಸಿದ್ದು ತಪ್ಪಾಯಿತೇ ಎಂದು ಕೇಳಿದ್ದೀರಿ. ಇಲ್ಲ. ಡಿಸ್ಕು ಇರುವುದು ಬೆನ್ನುಹುರಿಯ ಮುಂದೆ. ಹಿಂದಿನಿಂದ ಹೋದರೆ ಅಡ್ಡ ಸಿಗುವುದು ಬೆನ್ನುಹುರಿಯೇ, ಅದನ್ನು ಸರಿಸುವಂತಿಲ್ಲ. ಅದಕ್ಕಾಗಿಯೇ 1950ರ ದಶಕದಿಂದ ಈ ಮಾರ್ಗ ಬಳಕೆಯಲ್ಲಿದೆ. ಕೈಯ ಬಲ ವಾಪಸು ಬಂದಿದೆ, ಆ ನಿರ್ಧಾರ ಸರಿಯಾಗಿತ್ತು. ನಿಮಗೆ ಸಿಗಬೇಕಾಗಿದ್ದು, ಸಿಗದೇ ಹೋದದ್ದು, ಮುಂಚಿತವಾಗಿ ಹತ್ತು ನಿಮಿಷದ ಮಾತು: ಹೀಗೆ ಆಗಬಹುದು, ಇಷ್ಟು ದಿನ ಇರಬಹುದು, ಇಂಥದ್ದು ಕಂಡರೆ ಬನ್ನಿ ಎಂಬ ಮಾತು. ಈ ಶಸ್ತ್ರಚಿಕಿತ್ಸೆಗೆ ಸಿದ್ಧವಾಗುತ್ತಿರುವ ಬೇರೆಯವರು ಇದನ್ನು ಓದುತ್ತಿದ್ದರೆ, ದಯವಿಟ್ಟು ಸಹಿ ಹಾಕುವ ಮುನ್ನವೇ ಅದನ್ನು ಕೇಳಿ.

ಮತ್ತೆ ಮೊದಲಿನಂತೆ ಉಣ್ಣುತ್ತಾರೆಯೇ? ಉಣ್ಣುವ ಸಾಧ್ಯತೆಯೇ ಹೆಚ್ಚು. ನೀರು ಸುರಕ್ಷಿತವಾಗಿ ಇಳಿಯುತ್ತಿದೆ, ಬಾಗಿಲು ತೆರೆಯುತ್ತಿದೆ ಎಂದು ಪರೀಕ್ಷೆ ಹೇಳಿದ ದಿನ ಮೊದಲು ಮೆತ್ತಗಿನ ಅನ್ನಕ್ಕೆ ಬನ್ನಿ, ಅದು ಒಂದೆರಡು ವಾರ ತೊಂದರೆಯಿಲ್ಲದೆ ನಡೆದರೆ ನೆನೆಸಿದ ಚಪಾತಿಗೆ. ಮುದ್ದೆ ಕೊನೆಗೆ. ಮಧ್ಯಾಹ್ನ, ಅವರು ದಣಿಯದಿರುವ ಹೊತ್ತಿನಲ್ಲಿ, ಸ್ವಲ್ಪ ಮೆತ್ತಗೆ ತೊಳಸಿದ ಮುದ್ದೆಯನ್ನು ಕಡಲೆಕಾಳಿನಷ್ಟು ಮುರಿದು, ಧಾರಾಳವಾಗಿ ಬಸ್ಸಾರಿನಲ್ಲಿ ಹೊರಳಿಸಿ ಕೊಡಿ. ನೀವು ಎದುರಿಗೆ ಕೂತಿರಿ. ಒಂದು ತುತ್ತು ಪೂರ್ತಿ ಇಳಿಯಿತು ಎಂದು ಅವರು ಹೇಳಿದ ಮೇಲೆ ಇನ್ನೊಂದು.